ದುರ್ಗದಬೈಲಿನ ಒಂದು ಮೊಳೆ

ಶೇವಂತೆವ್ವ ಹುಟ್ಟಿದ ಮನೆ ಬಾಡಿಗೆಯದು. ಮದುವೆಯಾಗಿ ಹೊಕ್ಕ ಮನೆಯೂ ಬಾಡಿಗೆಯದು. ಗಂಡ ಮಡಿವಾಳಪ್ಪ ಕಣ್ಣು ಮುಚ್ಚಿದಾಗ ಹೆಣವನ್ನು ಅಂಗಳದಲ್ಲಿ ಕೂರಿಸಲು ಮನೆಯೊಡೆಯನ ಅಪ್ಪಣೆ ಕೇಳಬೇಕಾಗಿ ಬಂದಿತ್ತು. ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ತಾನು ಬಿಟ್ಟುಬಂದ ಮನೆಗಳನ್ನು ಅವಳೇ ಮರೆತಿದ್ದಾಳೆ. ಒಂದರ ಒಲೆ ನೆನಪಿದೆ, ಇನ್ನೊಂದರ ಕಿಟಕಿ. ಇಷ್ಟು ದೊಡ್ಡ ಊರಿನಲ್ಲಿ ಅವಳ ಪಾಲಿಗೆ ಬದಲಾಗದೆ ಉಳಿದದ್ದು ಒಂದೇ ಜಾಗ. ದುರ್ಗದಬೈಲಿನಲ್ಲಿ ಒಂದು ಪಾತ್ರೆ ಅಂಗಡಿಯ ಮುಂದೆ, ಎರಡು ಹಾಸುಗಲ್ಲುಗಳ ಸಂದಿಯಲ್ಲಿ ನೆಟ್ಟ ಒಂದು ಕಬ್ಬಿಣದ ಮೊಳೆಯ ಪಕ್ಕ.

ಅದು ರೈಲು ಹಳಿಯ ಮೊಳೆ, ಹೆಬ್ಬೆರಳಿಗಿಂತ ದಪ್ಪ. ಅವಳ ಅಪ್ಪ ರೈಲ್ವೆಯಲ್ಲಿ ಹಳಿ ರಿಪೇರಿಯ ಕೂಲಿಯಾಗಿದ್ದ. ಕೆಲಸಕ್ಕೆ ಬಾರದೆಂದು ಎಸೆದಿದ್ದ ಎರಡು ಮೊಳೆಗಳನ್ನು ಸಾಹೇಬನನ್ನು ಕೇಳಿ ತಂದಿದ್ದ. ಒಂದನ್ನು ಅವ್ವ ದುರ್ಗದಬೈಲಿನಲ್ಲಿ ನೆಟ್ಟಳು. ಇನ್ನೊಂದು ಮನೆಯಲ್ಲಿ ಉಳಿಯಿತು, ಶುಂಠಿ ಜಜ್ಜಲು, ಬಾಗಿಲು ಬಡಿಯದಂತೆ ಅಡ್ಡ ಇಡಲು. ಮನೆ ಬದಲಿಸುವಾಗಲೆಲ್ಲ ದೇವರ ಪಟದ ಜೊತೆಗೆ ಅದೂ ಹೊಸ ಬಾಡಿಗೆ ಮನೆಗೆ ನಡೆಯುತ್ತಿತ್ತು.

ಅವ್ವ ಸರ ಪೋಣಿಸುವವಳು. ಮಗಳೂ ಅದನ್ನೇ ಕಲಿತಳು. ನೂಲಿನ ಒಂದು ತುದಿಯನ್ನು ಮೊಳೆಗೆ ಕಟ್ಟಿ, ಇನ್ನೊಂದು ತುದಿಯನ್ನು ಜಗ್ಗಿ ಹಿಡಿದು, ಕರಿಮಣಿ, ಹವಳ, ಗುಂಡು, ನಡುವೆ ತಾಳಿ ಏರಿಸಿ ಗಂಟು ಹಾಕುತ್ತ ಬರಬೇಕು. ನೂಲು ತಂತಿಯಂತೆ ಬಿಗಿದು ನಿಂತರೆ ಗಂಟೂ ಬಿಗಿ. ಸಡಿಲ ಗಂಟಿನ ತಾಳಿಯನ್ನು ಕೊರಳಿಗೆ ಹಾಕಿಕೊಂಡು ಮನೆಗೆ ಹೋಗಲು ಯಾವ ಹೆಂಗಸು ಒಪ್ಪುತ್ತಾಳೆ?

ಈ ಕೆಲಸಕ್ಕೆ ಒಂದು ಕಟ್ಟಳೆಯಿದೆ. ತಾಳಿ ನೂಲಿಗೆ ಏರಿದ ಮೇಲೆ ಕಡೆಯ ಗಂಟು ಬೀಳುವ ತನಕ ಪೋಣಿಸುವವಳು ಏಳುವಂತಿಲ್ಲ, ಅವಳನ್ನು ಯಾರೂ ಎಬ್ಬಿಸುವಂತಿಲ್ಲ. ಅಲ್ಲಿಯವರೆಗೆ ತಾಳಿಯ ಒಡತಿ ಕೊರಳಲ್ಲಿ ಅರಿಷಿಣದ ದಾರ ಕಟ್ಟಿಕೊಂಡು ಎದುರಿಗೆ ಉಸಿರು ಹಿಡಿದು ಕೂತಿರುತ್ತಾಳೆ. ದನ ಬಂದರೆ ಅವಳನ್ನು ಬಳಸಿ ಹೋಗುವಂತೆ ಅಟ್ಟುತ್ತಾರೆ. ಕೈಗಾಡಿಯವರು ತಾವೇ ಓರೆಯಾಗುತ್ತಾರೆ. ಒಮ್ಮೆ ಬ್ಯಾಂಡಿನ ಸಮೇತ ಒಂದು ಮದುವೆಯ ಮೆರವಣಿಗೆಯೇ ಶೇವಂತೆವ್ವನನ್ನು ಸುತ್ತಿಕೊಂಡು ಹೋಗಿತ್ತು.

ಚಿಕ್ಕಂದಿನಲ್ಲಿ ಅವಳು ಅವ್ವನನ್ನು ಕೇಳಿದ್ದಳು, "ಯಾರನ್ನ ಕೇಳಿ ಇಲ್ಲಿ ಮೊಳಿ ಬಡದಿಬೇ?"

"ನೆಲಾನ ಕೇಳಿದ್ನಿ," ಎಂದಿದ್ದಳು ಅವ್ವ, ಮಣಿಗಳಿಂದ ಕಣ್ಣೆತ್ತದೆ. "ಬ್ಯಾಡ ಅನ್ನಲಿಲ್ಲ."

ಈ ವರ್ಷ ಪಾತ್ರೆ ಅಂಗಡಿ ಕೈ ಬದಲಾಯಿತು. ಮುದುಕರಾದ ಸಾಹುಕಾರರು ಮಾರಿ ಮಗಳ ಊರಿಗೆ ಹೋದರು. ಕೊಂಡವನು ಕುಂದಗೋಳದ ಕಡೆಯ ಅಮರೇಶ, ನಲವತ್ತು ದಾಟದವನು. ಹಣೆಯ ಮೇಲಿನ ವಿಭೂತಿ ಸಂಜೆಯವರೆಗೂ ಅಳಿಸುತ್ತಿರಲಿಲ್ಲ. ಸೀರೆ ಅಂಗಡಿ ತೆರೆಯುವವನಿದ್ದ. ಮೊದಲ ದಿನವೇ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತ.

"ಯವ್ವಾ, ಮುಂದ ಮೆಟ್ಟಲಾ ಕಟ್ಟಸಾಕತ್ತೇನಿ. ನೀವು ಬ್ಯಾರೆ ಕಡೆ ಜಾಗಾ ನೋಡ್ಕೋರಿ."

"ಎಲ್ಲಿ ನೋಡ್ಕೊಳ್ಲೋ ತಮ್ಮಾ? ನನ್ನ ಮೊಳಿ ಇಲ್ಲೈತಿ."

"ಅದನ್ನ ಕಿತ್ತಿ ಕೊಡಸ್ತೇನ್ರಿ."

"ಏನು ಹಲ್ಲು ಕಿತ್ತಿ ಕೊಟ್ಟಂಗ ಹೇಳ್ತಿಯಲ್ಲ."

ಪಕ್ಕದಲ್ಲಿ ಚೀಲಗಳ ಜಿಪ್ಪು ರಿಪೇರಿ ಮಾಡುವ ಇಕ್ಬಾಲ ಸೂಜಿ ನಿಲ್ಲಿಸಿ ನಕ್ಕ. "ಅಣ್ಣಾರ, ಅಕ್ಕನ ಬಾಯಾಗ ಉಳದಿದ್ದ ನಾಕು ಹಲ್ಲು. ಅವನ್ನರ ಬಿಡ್ರಿ."

ಅಮರೇಶನೂ ನಕ್ಕ. ಕೆಟ್ಟವನಲ್ಲ ಎಂದು ಶೇವಂತೆವ್ವನಿಗೆ ಆಗಲೇ ಅನಿಸಿತು. ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು.

"ನಿಮ್ಮ ಕಡೆ ಇದರದು ಉತಾರ ಐತೇನ್ರಿ ಯವ್ವಾ?" ಎಂದು ಮೆಲ್ಲಗೆ ಕೇಳಿದ.

"ಮೆಟ್ಟಲಾ ಕಟ್ಟೂ ನೆಲದ್ದು ನಿನ್ನ ಕಡೆ ಐತೇನು?"

ಅಂಗಡಿಯ ಉತಾರ, ಹಕ್ಕಿನ ಕಾಗದ, ಅವನ ಬಳಿಯಿತ್ತು, ಹೊಸಿಲಿನವರೆಗೆ. ಹೊಸಿಲಿನಾಚೆಯದು ಬೀದಿ. "ಅಂಗಡಿ ಮುಂದಿಂದು ಅಂಗಡ್ಯಾವಂದ ಅಲ್ರಿ? ಎಲ್ಲಾರೂ ಹಂಗ ಅಂತಾರ."

"ಎಲ್ಲಾರೂ ಅಂದ್ರ ಯಾರು? ಅಂಗಡಿ ಇದ್ದಾವ್ರು."

ಅವನು ಎದ್ದು ಹೋದ. ಮುಂದಿನ ವಾರ ಮತ್ತೆ ಬಂದ, ಈ ಸಲ ಮುಖ ಅರಳಿಸಿಕೊಂಡು. ಮೆಟ್ಟಿಲ ಬದಿಗೆ ಒಂದು ಮೂಲೆ ಬಿಡುತ್ತೇನೆ, ಅಲ್ಲೇ ಮೊಳೆ ನೆಡಿರಿ ಎಂದ. "ಬಾಡಗಿ ಬ್ಯಾಡ, ಏನೂ ಬ್ಯಾಡ. ದೀಪಾವಳಿ ಪಾಡ್ಯಕ್ಕ ನನ್ನ ಕೈಯಾಗಿಂದ ಎಲಿ-ಅಡಕಿ ತಗೋರಿ, ಅಷ್ಟ."

ಪಾಡ್ಯದ ಪೂಜೆ ಮುಗಿದ ಮೇಲೆ ದುರ್ಗದಬೈಲಿನ ಸಾಹುಕಾರರು ತಮ್ಮ ನೆರಳಿನಲ್ಲಿ ಇರುವವರನ್ನೆಲ್ಲ ಕರೆದು ಎಲೆ-ಅಡಿಕೆ ಕೊಡುತ್ತಾರೆ. ಗುಮಾಸ್ತನಿಗೆ, ಹಮಾಲನಿಗೆ, ಅಟ್ಟದ ಮೇಲಿನ ಬಾಡಿಗೆಯವನಿಗೆ. ಕಾಗದವಿಲ್ಲ, ಸಹಿಯಿಲ್ಲ. ಆದರೆ ಆ ಎಲೆಗೆ ಕೈಯೊಡ್ಡಿದವನು, ನಾನು ನಿಮ್ಮ ಜಾಗದಲ್ಲಿದ್ದೇನೆ, ನೀವು ಇರಗೊಟ್ಟಿದ್ದೀರಿ ಎಂದು ಒಪ್ಪಿಕೊಂಡಂತೆ. ಬಜಾರಿನಲ್ಲಿ ಇದು ಎಲ್ಲರಿಗೂ ಗೊತ್ತು.

"ತಗೋರಿ ಅಕ್ಕಾ," ಎಂದ ಇಕ್ಬಾಲ, ಅಮರೇಶ ಹೋದ ಮೇಲೆ. "ಭಾಳ ಛಲೋ ಮಾತು ಅಂದಾನ. ಎಲಿ ತಿಂದು ಉಗುಳಿದ್ರಾತು."

"ಬಾಯಾಗಿಂದು ಉಗುಳಬಹುದೋ. ಕೈಯಾಗ ತಗೊಂಡಿದ್ದು?"

"ಕುಂಡ್ರಾಕ ಜಾಗಾ ಅಂತೂ ಸಿಗತೈತಲ್ಲ?"

"ಕುಂಡ್ರಾಕ ಸಿಗತೈತಿ. ನಂದು ಅನ್ನಾಕ ಸಿಗೂದಿಲ್ಲ."

ಅವಳು ಮಣಿಗಳತ್ತ ಬಾಗಿದಳು. ಇಡೀ ಬದುಕಿನಲ್ಲಿ ಅವಳು ಕೇಳಿದ ಅಪ್ಪಣೆಗಳು ಎಷ್ಟು! ಗೋಡೆಗೆ ಒಂದು ಗೂಡು ಕೊರೆಯಲು, ಅಂಗಳದಲ್ಲಿ ತುಳಸಿಯಿಡಲು, ಸಂಜೆಯ ನಂತರ ನೀರು ಹಿಡಿಯಲು, ಕಡೆಗೆ ಹೆಣ ಕೂರಿಸಲು. ಕೇಳದೆ ಇದ್ದ ಜಾಗ ಇದೊಂದೇ. ಬೆಳಿಗ್ಗೆ ಬಂದು, ಗೋಣಿತಾಟು ಹಾಸಿ, ಮೊಳೆಯ ತಲೆಯ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಇದಕ್ಕೂ ಒಬ್ಬನ ಅಪ್ಪಣೆ ಸೇರಿದರೆ ಆ ಬೆನ್ನು ಹೇಗೆ ನಿಲ್ಲಬೇಕು?

ಮರುದಿನ ಅಮರೇಶ ಅಂಗಡಿಗೆ ಬಂದಾಗ ಅವಳೇ ಕರೆದು ಹೇಳಿದಳು, "ತಮ್ಮಾ, ನಿನ್ನ ಎಲಿ ಬ್ಯಾಡ. ನಿನ್ನ ಮೂಲಿನೂ ಬ್ಯಾಡ. ನಾ ಇಲ್ಲೇ ಛಲೋ ಅದೇನಿ."

ಅವನ ಮುಖ ಕಪ್ಪಿಟ್ಟಿತು. ಸೋಮವಾರ ಬೆಳಿಗ್ಗೆ ಉಸುಕು, ಸಿಮೆಂಟು, ಇಟ್ಟಿಗೆ ಹೊತ್ತ ಗಾಡಿ ಬಂದು ನಿಂತಿತು. ಗೌಂಡಿ ಸಲಿಕೆಯನ್ನು ನೆಲಕ್ಕೆ ಊರಿ ನೋಡಿದರೆ ಎದುರಿಗೆ ಶೇವಂತೆವ್ವ, ಅವಳ ಮುಂದೆ ಒಬ್ಬ ಹೆಂಗಸು. ಸತ್ತೂರಿನ ಶಿವಲಿಂಗವ್ವ, ಬಸ್ಸಿನ ನೂಕುನುಗ್ಗಲಿನಲ್ಲಿ ತಾಳಿ ಹರಿದುಕೊಂಡು, ಸೆರಗಿನಲ್ಲಿ ಮಣಿ ಕಟ್ಟಿಕೊಂಡು ಅಳುತ್ತ ಬಂದವಳು. ತಾಳಿ ಆಗಲೇ ನೂಲಿಗೆ ಏರಿತ್ತು.

ಗೌಂಡಿ ಅಮರೇಶನತ್ತ ನೋಡಿದ. ಅಮರೇಶ ನೂಲಿನತ್ತ ನೋಡಿದ. ದಿನಾ ಲಿಂಗಪೂಜೆ ಮಾಡಿ ಬರುವವನು, ಹೊಸ ಅಂಗಡಿಯ ಹೊಸಿಲಿನಲ್ಲಿ ಒಬ್ಬ ಮುತ್ತೈದೆಯ ತಾಳಿಗೆ ಅಪಶಕುನ ತರುತ್ತಾನೆಯೇ? ಕೈ ಮುಗಿದು, ಇಡೀ ಸಾಲಿಗೆ ಕೇಳುವಂತೆ ಹೇಳಿದ.

"ನೂಲ ಮ್ಯಾಲ ತಾಳಿ ಇರೂತನಾ ಇವರನ್ನ ಯಾರೂ ಎಬ್ಬಿಸಬ್ಯಾಡ್ರಿ. ಇದು ನನ್ನ ಮಾತು."

ಅವನು ತಪ್ಪಿದ್ದು ಅಲ್ಲಿ.

ಎದುರು ಸಾಲಿನಲ್ಲಿ ಕೂದಲ ಪಿನ್ನು, ರಿಬ್ಬನ್ನು ಮಾರುವ ಮಹೆಕ ಈ ಮಾತನ್ನು ಕೇಳಿಸಿಕೊಂಡಳು. ಶಿವಲಿಂಗವ್ವನ ಕಡೆಯ ಗಂಟು ಬೀಳುವ ಮೊದಲೇ ಬಂದು ಕೂತು, ಮದುವೆಯಲ್ಲಿ ಹಾಕಿದ್ದ ತನ್ನ ಕರಿಮಣಿಯ ಲಚ್ಛಾ, ಅವರಲ್ಲಿ ಅದೇ ತಾಳಿ, ತೆಗೆದು ಮುಂದೆ ಹಿಡಿದಳು.

"ದೊಡ್ಡವ್ವಾ, ಇದರ ನೂಲು ಭಾಳ ಸವದೈತಿ ನೋಡ್ರಿ."

ಶೇವಂತೆವ್ವ ನೋಡಿದಳು. ನೂಲು ಗಟ್ಟಿಯಾಗಿತ್ತು, ಹೋದ ಬೇಸಿಗೆಯಲ್ಲಿ ಅವಳೇ ಪೋಣಿಸಿದ್ದು. ಇಬ್ಬರ ಕಣ್ಣೂ ಕೂಡಿದವು. "ಹೌದವ್ವಾ, ಭಾಳ ಸವದೈತಿ," ಎಂದು ಶೇವಂತೆವ್ವ ಮೊಳೆಗೆ ಎರಡನೆಯ ನೂಲು ಕಟ್ಟಿದಳು.

ಒಂದರ ಗಂಟು ಬೀಳುವುದರೊಳಗೆ ಇನ್ನೊಂದು ನೂಲಿಗೇರಿತು. ನಿಂಬೆಹಣ್ಣಿನವಳು ಬಂದಳು. ಊದಿನಕಡ್ಡಿ ಮಾರುವ ಅತ್ತೆ-ಸೊಸೆ, ಎಂದೂ ಮಾತಾಡದವರು, ಒಬ್ಬರ ಹಿಂದೊಬ್ಬರು ಕೂತರು. ಕೊರಳುಗಳಲ್ಲಿ ಅರಿಷಿಣದ ದಾರಗಳು ಹಳದಿಯಾಗಿ ಹೊಳೆಯುತ್ತಿದ್ದವು. ಗೌಂಡಿ ಉಸುಕಿನ ಗುಡ್ಡೆಯ ಮೇಲೆ ಟವೆಲ್ ಹಾಸಿ ಮಲಗಿದ.

"ನನ್ನ ಹೇಣ್ತಿದೂ ತರ್ಲೇನು ಅಕ್ಕಾ?" ಎಂದ ಇಕ್ಬಾಲ.

"ಮೊದ್ಲ ಆಕಿಗೆ ಒಂದು ಕೊಡ್ಸು. ಆಮ್ಯಾಲ ಪವಣಿಸೂಣು."

ಸಾಲು ನಕ್ಕಿತು. ಅಮರೇಶ ಹೊರಗೆ ಬಂದ. "ಇದು ಮೋಸ ಐತ್ರಿ."

"ಲಗ್ನಾದಾಕಿ ನೂಲು ಗಟ್ಟಿ ಇರ್ಲಿ ಅನ್ನೂದು ಮೋಸ ಏನ್ರಿ ಅಣ್ಣಾರ?" ಎಂದಳು ಮಹೆಕ, ಮುಖ ಗಂಟಿಕ್ಕಿ. ಅವನು ಒಳಗೆ ಹೋದ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸಂಜೆ ಗಾಡಿ ಹೋಯಿತು, ಹೆಂಗಸರು ಚದುರಿದರು. ಶೇವಂತೆವ್ವ ಉಳಿದ ಮಣಿಗಳನ್ನು ಡಬ್ಬಿಗೆ ತುಂಬುತ್ತಿದ್ದಾಗ ಅಮರೇಶ ಬಂದು ಹೊಸಿಲಿನ ಮೇಲೆ ಕೂತ.

"ನಮ್ದು ಹತ್ತಿ ಹೊಲಾ ಇತ್ರಿ ಯವ್ವಾ. ಎರಿ ಹೊಲಾ. ಇದು ನಮ್ಮ ಹುಟ್ಟಿನ ಹಕ್ಕು, ಯಾರೂ ಮುಟ್ಟಾಕ ಬರಂಗಿಲ್ಲ ಅಂತಿದ್ದ ನಮ್ಮಜ್ಜ. ರಸ್ತಾ ಮಾಡಾವ್ರು ಬಂದ್ರು, ಅಳದ್ರು, ಹೋತು. ಬಂದ ರೊಕ್ಕದಾಗ ಇದನ್ನ ತಗೊಂಡೇನಿ. ಇದರ ನಂದು ಅಂತ ಇರ್ಲಿ ಅಂತ. ಇಲ್ಲೂ ಒಬ್ಬರು ಕುಂತು ನಂದು ಅಂದ್ರ ನಾ ಎಲ್ಲಿ ನಿಂದರ್ಲಿ?"

ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಶೇವಂತೆವ್ವ ಡಬ್ಬಿಯ ಮುಚ್ಚಳವನ್ನು ಕೈಯಲ್ಲೇ ಹಿಡಿದು ಕೂತಳು. ಹೊಲ ಕಳೆದುಕೊಂಡ ಮುದುಕನೊಬ್ಬ, ನೋಡದಿದ್ದರೂ, ಅವಳ ಕಣ್ಣ ಮುಂದೆ ಬಂದು ಹೋದ.

"ನಿನ್ನ ಅಂಗಡಿ ನಿಂದ ತಮ್ಮಾ. ನಾ ಹೊಸ್ತಲಾ ದಾಟಿ ಬಂದೇನೇನು?" ಎಂದಳು. "ನಿಮ್ಮಜ್ಜನ ಕೈಯಾಗ ಕಾಗದ ಇದ್ದೂವಲ್ಲ?"

"ಎಲ್ಲಾ ಇದ್ದೂರಿ."

"ಕಾಗದ ಇದ್ದಾವನೂ ಏಳಬೇಕಾತು. ಇಲ್ಲದಾಕಿನೂ ಏಳಬೇಕು ಅಂತಿ. ಹಂಗಾರ ಈ ಭೂಮಿ ಮ್ಯಾಲ ಕುಂಡ್ರಾವ್ರು ಯಾರು?"

ಅವನು ಹೊಸಿಲಿನ ಮೇಲೆ ಬಿದ್ದಿದ್ದ ಉಸುಕನ್ನು ಕೈಯಿಂದ ಗುಡಿಸಿದ.

"ಹುಟ್ಟಿದಾವ್ರಿಗೆಲ್ಲಾ ಕಾಲೂರಾಕ ಇಷ್ಟು ನೆಲಾ ಬೇಕು. ಅದನ್ನ ಕೇಳಿ ಇಸ್ಕೋಬೇಕಂದ್ರ, ಉಸರಾಡಾಕೂ ಕೇಳಬೇಕಾಕ್ಕೈತಿ. ಕುಂತಾವ್ರನ್ನ ಎಬ್ಬಿಸಿದ್ರ ಹೆಂಗ ಆಕ್ಕೈತಿ ಅಂತ ನಾ ನಿನಗ ಹೇಳೂದು ಬ್ಯಾಡ. ನಿಮ್ಮ ಮನ್ಯಾಗ ಗೊತ್ತೈತಿ."

ಅಮರೇಶ ಎದ್ದ. ಅವಳ ಮುಖ ನೋಡದೆ ಹೇಳಿದ, "ನೂಲ ಮ್ಯಾಲ ತಾಳಿ ಇದ್ದಾಗ ಎಬ್ಬಿಸೂದಿಲ್ಲ ಅಂದಿದ್ನಿ, ಎಬ್ಬಿಸಲಿಲ್ಲ. ನಾಳಿ ನೀವು ಬರೂದ್ರಾಗ ಮೆಟ್ಟಲಾ ಆಗಿರ್ತಾವ್ರಿ."

ಆಗಿಯೇ ಇದ್ದವು. ಬೆಳಗಿನ ಎಳೆ ಬಿಸಿಲಿನಲ್ಲಿ ಹಸಿ ಸಿಮೆಂಟು ಮೀನಿನ ಬೆನ್ನಿನಂತೆ ಹೊಳೆಯುತ್ತಿತ್ತು. ಹಾಸುಗಲ್ಲಿಲ್ಲ, ಸಂದಿಯಿಲ್ಲ, ಮೊಳೆಯಿಲ್ಲ. ಇಕ್ಬಾಲನ ಬಾಯಿಗೆ ಒಂದು ತಮಾಷೆಯೂ ಬರಲಿಲ್ಲ. ಮಹೆಕ ರಿಬ್ಬನ್ನಿನ ಪೆಟ್ಟಿಗೆ ತೆರೆಯದೆ ನಿಂತಿದ್ದಳು. ಶೇವಂತೆವ್ವ ತನ್ನ ಜಾಗವನ್ನು ಹುಡುಕಲಿಲ್ಲ. ಕಣ್ಣು ಕಟ್ಟಿ ಬಿಟ್ಟರೂ ಅವಳ ಕಾಲು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಕೆಳಗಿನ ಮೆಟ್ಟಿಲಿನ ಮುಂದೆ ಗೋಣಿತಾಟು ಹಾಸಿದಳು, ಕೂತಳು, ಚೀಲದಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದುದನ್ನು ತೆಗೆದಳು.

ಎರಡನೆಯ ಮೊಳೆ. ಅದಕ್ಕಿನ್ನೂ ಶುಂಠಿಯ ವಾಸನೆಯಿತ್ತು.

"ಇಕ್ಬಾಲಾ, ಸುತಗಿ ಕೊಡು."

ಕೆಳಗಿನ ಮೆಟ್ಟಿಲಿನ ಹಸಿ ಸಿಮೆಂಟು ಅದನ್ನು ಅಡ್ಡಿಯಿಲ್ಲದೆ ಒಳಗೆ ಬಿಟ್ಟುಕೊಂಡಿತು. ಅವಳು ಹೊಡೆಯುವಾಗಲೇ ಅಮರೇಶ ಗೌಂಡಿಯೊಡನೆ ಬಂದ, ಕೈಯಲ್ಲಿ ಪೂಜೆಯ ತೆಂಗಿನಕಾಯಿ.

"ಯವ್ವಾ! ಏನು ಮಾಡಾಕತ್ತೀರಿ? ಅದು ನನ್ನ ಸಿಮೆಂಟ್ರಿ!"

"ಹೌದು, ನಿಂದ," ಎಂದಳು ಶೇವಂತೆವ್ವ, ಸುತ್ತಿಗೆ ಕೆಳಗಿಡುತ್ತ. "ಒಯ್ಯಿ. ನೆಲಾ ಬಿಟ್ಟು ಒಯ್ಯಿ."

ಅಷ್ಟರಲ್ಲಿ ನಿನ್ನೆ ಸರದಿ ಸಿಗದೆ ಹೋಗಿದ್ದ ಕೊತ್ತಂಬರಿ ಮಾರುವ ಭಾಗ್ಯಶ್ರೀ ಕೊರಳಿಗೆ ಅರಿಷಿಣದ ದಾರ ಬಿಗಿದುಕೊಂಡು, ತಾಳಿ ಸರ ಹಿಡಿದು ಬಂದು ಕೂತಳು. ಹೊಸ ಮೊಳೆ ಇನ್ನೂ ಅಲುಗುತ್ತಿತ್ತು, ನೂಲು ತಾಳುವಂತಿರಲಿಲ್ಲ. ಶೇವಂತೆವ್ವ ಕಾಲು ಚಾಚಿ ನೂಲನ್ನು ಅದರ ಹೆಬ್ಬೆರಳಿಗೇ ಸುತ್ತಿಕೊಂಡಳು. ಜಗ್ಗಿದಳು. ತಂತಿಯಂತೆ ನಿಂತಿತು. ತಾಳಿ ಏರಿಸಿದಳು.

"ಮೊಳಿ ಕಿತ್ಲೇನ್ರಿ?" ಎಂದು ಕೇಳಿದ ಗೌಂಡಿ.

ಮೊಳೆ ಅವಳು ಚಾಚಿದ ಕಾಲಿನ ಹಿಂದೆ ಮೆಟ್ಟಿಲಿನಲ್ಲಿತ್ತು. ಅವಳು ಏಳದೆ ಕೀಳುವಂತಿರಲಿಲ್ಲ. ಅಮರೇಶ ತೆಂಗಿನಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಗಂಟು ಬೀಳ್ಲಿ," ಎಂದ ಕಡೆಗೆ.

"ಗಂಟು ಬೀಳೂದ್ರಾಗ ಸಿಮೆಂಟು ಬಿಗೀತೈತ್ರಿ ಸಾಹುಕಾರ್ರ."

"ಬಿಗೀಲಿ," ಎಂದಳು ಶೇವಂತೆವ್ವ, ಮಣಿಗಳಿಂದ ಕಣ್ಣೆತ್ತದೆ. "ನನಗೇನು ಅವಸರಿಲ್ಲ."