ಲಾರಿ ಏರಿದ ಇಪ್ಪತ್ಮೂರು ಮನೆಗಳು

ಕಂಬಿ ಅಕ್ಕ ಅಂದರೆ ಕಟ್ಟಡ ಕೆಲಸದವರಲ್ಲಿ ಗೊತ್ತಿಲ್ಲದವರಿಲ್ಲ. ಕೈಯಲ್ಲಿ ಕೊಕ್ಕೆ, ಸೊಂಟದಲ್ಲಿ ಸಣ್ಣ ತಂತಿಯ ಸುರುಳಿ. ಎರಡು ಕಂಬಿ ಸೇರುವಲ್ಲಿ ತಂತಿ ಸುತ್ತಿ ಎರಡು ತಿರುವು ಕೊಟ್ಟಳೆಂದರೆ ಆ ಗಂಟು ಜಪ್ಪಯ್ಯ ಅಂದರೂ ಅಲ್ಲಾಡದು. ಹದಿನಾಲ್ಕು ವರ್ಷದಲ್ಲಿ ಹನ್ನೊಂದು ಕಟ್ಟಡಗಳಿಗೆ ಹೀಗೆ ಗಂಟು ಹಾಕಿದ್ದಳು. ಬಾಗಿಲು, ಕಿಟಕಿ ಕೂರಿಸುವ ಹೊತ್ತಿಗೆ ಮಾತ್ರ ಅವಳ ಸಂಸಾರ ಮುಂದಿನ ಊರಿನ ತಗಡಿನ ಶೆಡ್ಡು ಸೇರಿರುತ್ತಿತ್ತು.

ಓದಿದ್ದು ಏಳನೇ ತರಗತಿ. ಆದರೆ ಓದುವ ಚಟ ಬಿಟ್ಟಿರಲಿಲ್ಲ. ಸಿಮೆಂಟ್ ಚೀಲದ ಮೇಲಿನ ಬರಹವನ್ನೂ, ಪೊಟ್ಟಣ ಕಟ್ಟಿದ ಕಾಗದವನ್ನೂ ಬಿಡುತ್ತಿರಲಿಲ್ಲ. ಗಾರೆ ಕೆಲಸದ ಗಂಡ ರೇಗಿಸುತ್ತಿದ್ದ: "ಇವಳಿಗೆ ತಿಂಡಿ ಬೇಡ, ಪೊಟ್ಟಣ ಕೊಟ್ಟರೆ ಸಾಕು."

ಈ ನಗರಕ್ಕೆ ಬಂದು ಎಂಟು ತಿಂಗಳಾಗಿತ್ತು. ಜೊತೆಯಲ್ಲೇ ಇದ್ದ ಬಸುರಿ ನಾದಿನಿಗೆ ಏಳು ತಿಂಗಳು ತುಂಬಿತ್ತು. ಆಸ್ಪತ್ರೆಯ ನರ್ಸಮ್ಮ ಇವಳನ್ನು ಪಕ್ಕಕ್ಕೆ ಕರೆದು ಹೇಳಿದರು: "ರಕ್ತ ಕಮ್ಮಿಯಿದೆ. ಬೇಗ ಕುಟುಂಬ ಕಾರ್ಡು ಮಾಡಿಸಿ. ಕಾರ್ಡಿದ್ರೆ ತಪಾಸಣೆ, ಹೆರಿಗೆ, ಮಗುವಿನ ಚುಚ್ಚುಮದ್ದು ಎಲ್ಲ ಇಲ್ಲೇ ಆಗುತ್ತೆ."

ಶುಕ್ರವಾರ ಅತ್ತಿಗೆ, ನಾದಿನಿ ಇಬ್ಬರೂ ಕಾರ್ಡು ಕೊಡುವ ಕಚೇರಿಯ ಸಾಲಿನಲ್ಲಿ ನಿಂತರು. ಕೌಂಟರಿನ ಗುಮಾಸ್ತ ಕನ್ನಡಕ ಏರಿಸಿ ಕೇಳಿದ, "ಮನೆ ದಾಖಲೆ? ಬಾಡಿಗೆ ಪತ್ರ, ಕರೆಂಟ್ ಬಿಲ್ಲು?"

"ಮನೆ ಇದ್ರೆ ತಾನೇ ಸಾರ್ ಬಿಲ್ಲು ಬರೋದು? ನಾವು ಮನೆ ಕಟ್ಟೋರು."

ಗುಮಾಸ್ತ ಕೆಟ್ಟವನಲ್ಲ. ನಕ್ಕ. ಆದರೂ ಅರ್ಜಿಯ ನಮೂನೆ ಕೈಗಿತ್ತು, "ದಾಖಲೆ ಸಿಕ್ಕಿದ ಮೇಲೆ ಬನ್ನಿ" ಎಂದು ಮುಂದಿನವರನ್ನು ಕರೆದ.

ಬಸ್ ನಿಲ್ದಾಣದಲ್ಲಿ ನಾದಿನಿ ಮುಖ ಸಣ್ಣದು ಮಾಡಿಕೊಂಡು ಕೂತಳು. ಕಂಬಿ ಅಕ್ಕ ಮಾತ್ರ ಅರ್ಜಿ ಓದುತ್ತಲೇ ಇದ್ದಳು. ಮೊದಲ ಪುಟ, ಎರಡನೆಯದು, ಮೂರನೆಯದು. ನಾಲ್ಕನೆಯದರಲ್ಲಿ ಇರುವೆ ಸಾಲಿನಂಥ ಅಕ್ಷರ. ಬೆರಳಿಟ್ಟು ಓದಿದಳು. ಕೆಲಸದ ಜಾಗದಲ್ಲೇ ವಾಸಿಸುವ ಕುಟುಂಬಗಳಿಗೆ ಮನೆ ದಾಖಲೆ ಬೇಕಿಲ್ಲ. ಇಬ್ಬರು ನೆರೆಯವರು ಸಹಿ ಹಾಕಿ, ಅಧಿಕಾರಿ ಏಳು ದಿನದೊಳಗೆ ಬಂದು ಕಣ್ಣಾರೆ ನೋಡಿದರೆ ಸಾಕು.

"ಅಯ್ಯೋ, ಇದೆ ಕಣೇ! ಇಲ್ಲೇ ಇದೆ!" ಎಂದು ಅವಳು ಕಿರುಚಿದ ರಭಸಕ್ಕೆ ನಿಲ್ದಾಣವೇ ತಿರುಗಿ ನೋಡಿತು. ನಾದಿನಿಯನ್ನು ಅಲ್ಲೇ ಕೂರಿಸಿ ಒಂದೇ ಉಸಿರಿಗೆ ಕಚೇರಿಗೆ ಓಡಿದಳು.

ಗುಮಾಸ್ತ ಆ ಪುಟವನ್ನು ಎರಡು ಸಲ ಓದಿದ. ಒಳಗೆ ಹೋಗಿ ಯಾರನ್ನೋ ಕೇಳಿ ಬಂದ. "ಹತ್ತೊಂಬತ್ತು ವರ್ಷದಿಂದ ಈ ಕುರ್ಚೀಲಿದ್ದೀನಿ ತಾಯಿ, ಈ ಪುಟ ಹಿಡ್ಕೊಂಡು ಒಬ್ಬರೂ ಬಂದಿಲ್ಲ. ಎಷ್ಟು ಕುಟುಂಬ ಇದ್ದೀರಿ?"

ಬಂದದ್ದು ಒಂದು ಕಾರ್ಡಿಗೆ. ಬಾಯಿಗೆ ಬಂದದ್ದು ಬೇರೆ. "ಇಪ್ಪತ್ಮೂರು!"

ಇಪ್ಪತ್ಮೂರು ಅರ್ಜಿ ಸೆರಗಿನಲ್ಲಿ ಸುತ್ತಿಕೊಂಡು ಬಂದವಳಿಗೆ ಕಾಲು ನೆಲದ ಮೇಲಿರಲಿಲ್ಲ. ಆದರೆ ಶೆಡ್ಡಿನವರು ಮೂಗು ಮುರಿದರು. "ಹೆಸರು ಕೊಟ್ರೆ ನಾಳೆ ಹುಡುಕ್ಕೊಂಡು ಬಂದು ಓಡಿಸ್ತಾರೆ," ಎಂದ ಮುದುಕ ಬಡಗಿ.

"ಓಡಿಸಿದ್ರೆ ಏನಣ್ಣ? ವರ್ಷಕ್ಕೊಂದ್ಸಲ ನಾವೇ ಓಡ್ತೀವಲ್ಲ! ಈ ಸಲ ಕಾರ್ಡು ಹಿಡ್ಕೊಂಡು ಓಡೋಣ."

ಎಲ್ಲರೂ ಗೊಳ್ಳೆಂದರು. ನಗುತ್ತಲೇ ಬಡಗಿ ಮೊದಲ ಹೆಬ್ಬೆಟ್ಟು ಒತ್ತಿದ. ಶನಿವಾರ ಸಂಜೆಯೊಳಗೆ ಇಪ್ಪತ್ಮೂರೂ ಭರ್ತಿಯಾದವು.

ಇನ್ನು ನೆರೆಯವರ ಸಹಿ. ಗೋಡೆಯಾಚೆ ಇದ್ದದ್ದು ಒಂದೇ ಮನೆ, ದೂರಿನ ತಾತನದು. ಕಾಂಕ್ರೀಟ್ ಮಿಕ್ಸರಿನ ಸದ್ದಿನ ಮೇಲೆ, ಧೂಳಿನ ಮೇಲೆ, ಮಕ್ಕಳ ಗಲಾಟೆಯ ಮೇಲೆ ದೂರು ಬರೆಯುವುದೇ ಅವರ ಕಸುಬಾಗಿತ್ತು. ಕಂಬಿ ಅಕ್ಕ ಎದೆ ಗಟ್ಟಿ ಮಾಡಿಕೊಂಡು ಗಂಟೆ ಒತ್ತಿದಳು. ತಾತ ಪೂರ್ತಿ ಕೇಳಿಸಿಕೊಂಡರು.

"ನೀವು ಇಲ್ಲೇ ಇದ್ದೀರಿ ಅಂತ ನಾನು ಸಾಕ್ಷಿ ಹೇಳಬೇಕು, ಅಷ್ಟೇನಾ? ಎಂಟು ತಿಂಗಳಿಂದ ಅದನ್ನೇ ತಾನೇ ನಾನು ಊರಿಗೆಲ್ಲ ಹೇಳ್ತಿರೋದು!" ಒಳಗಿಂದ ಒಂದು ಕಡತ ತಂದರು. ತಾರೀಖು ಸಮೇತ ಮೂವತ್ತೊಂದು ದೂರಿನ ಪ್ರತಿ. "ಇದನ್ನೂ ಲಗತ್ತಿಸಮ್ಮ. ಇದಕ್ಕಿಂತ ಗಟ್ಟಿ ದಾಖಲೆ ಎಲ್ಲಿ ಸಿಗುತ್ತೆ?" ಹೆಂಡತಿಯನ್ನು ಕರೆದು ಎರಡನೇ ಸಹಿ ಹಾಕಿಸಿದರು.

ಸೋಮವಾರ ಎಲ್ಲ ಒಪ್ಪಿಸಿದಳು. ಅಧಿಕಾರಿ ಗುರುವಾರ ಹತ್ತು ಗಂಟೆಗೆ ಬರುವುದೆಂದು ಗೊತ್ತಾಯಿತು. ಬುಧವಾರ ಸಂಜೆ ಮೇಸ್ತ್ರಿ ಸಿಡಿಲಿನಂಥ ಸುದ್ದಿ ತಂದ: "ಇಲ್ಲಿ ಕೆಲಸ ಮುಗೀತು. ನಾಳೆ ಎಂಟಕ್ಕೆ ಲಾರಿ. ನಗರದ ಆ ತುದೀಲಿ ಹೊಸ ಕಟ್ಟಡ."

"ಮಧ್ಯಾಹ್ನದವರೆಗೆ ತಡೀರಣ್ಣ."

"ಲಾರಿ ನನ್ನದಲ್ಲಮ್ಮ, ನಾನು ಹೇಳಿದ್ರೆ ನಿಲ್ಲೋಕೆ!"

ಬೆಳಗ್ಗೆ ತಗಡುಗಳು ಕಳಚತೊಡಗಿದವು. ಕಂಬಿ ಅಕ್ಕ ಗಂಡನ ಕೈ ಹಿಡಿದು, "ನಾನು ಬರೋವರೆಗೆ ಲಾರಿ ಅಲ್ಲಾಡಬಾರದು," ಎಂದವಳೇ ಬಸ್ಸಿಗೆ ಓಡಿದಳು. ಕಚೇರಿಯ ಮೆಟ್ಟಿಲ ಮೇಲೆ ಕಾದು ಕಾದು, ಒಂಬತ್ತೂಕಾಲಿಗೆ ಸ್ಕೂಟರಿನಲ್ಲಿ ಬಂದ ಅಧಿಕಾರಿ ಮೇಡಂಗೆ ಅಡ್ಡ ನಿಂತಳು. ಮಾತು ಒಂದರ ಮೇಲೊಂದು. ಮೇಡಂಗೆ ಅರ್ಧ ಅರ್ಥವಾಯಿತು, ಅರ್ಧ ಇಲ್ಲ. ಆದರೂ ಹೆಲ್ಮೆಟ್ ತೆಗೆಯಲಿಲ್ಲ. "ಹಿಂದೆ ಕೂತ್ಕೊಳ್ಳಿ," ಎಂದರು.

ಇತ್ತ ಗಾರೆ ಕೆಲಸದ ಗಂಡ ತನ್ನ ಕರಾಮತ್ತು ತೋರಿಸುತ್ತಿದ್ದ. ತಗಡು ಪೇರಿಸುವುದು, "ಪಾತ್ರೆ ತಳಕ್ಕೆ ಹೋಗಬೇಕಿತ್ತು" ಎಂದು ಇಳಿಸುವುದು, ಮತ್ತೆ ಪೇರಿಸುವುದು. ಚಾಲಕ ಹಾರನ್ ಒತ್ತಿ ಒತ್ತಿ ಸುಸ್ತಾದ. ಕೊನೆಗೆ ದೂರಿನ ತಾತ ಲಾರಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಹಾರನ್ ಸದ್ದಿನ ಮೇಲೆ ಮೂವತ್ತೆರಡನೇ ದೂರು ಬರೆಯತೊಡಗಿದರು.

ಸ್ಕೂಟರ್ ಬಂದು ನಿಂತಿತು. ಮೇಡಂ ಸುತ್ತ ನೋಡಿದರು. ಖಾಲಿ ನೆಲ, ಮಸಿ ಹಿಡಿದ ಒಲೆ ಕಲ್ಲುಗಳು. "ಮನೆಗಳೆಲ್ಲಿ?"

"ಲಾರೀಲಿವೆ ಮೇಡಂ."

ಮೇಡಂ ನೆಲದಲ್ಲಿ ಮೂಡಿದ್ದ ಶೆಡ್ಡುಗಳ ಗುರುತು ನೋಡಿದರು, ತಾತನ ಕಡತ ತಿರುವಿದರು, ಆಮೇಲೆ ಸೀರೆ ಎತ್ತಿ ಕಟ್ಟಿ ಲಾರಿಯನ್ನೇ ಹತ್ತಿದರು! ಪಾತ್ರೆ ಪಗಡಗಳ ನಡುವೆ ನಿಂತು ಒಬ್ಬೊಬ್ಬರ ಹೆಸರು ಕೂಗಿ, ಮುಖ ನೋಡಿ, ಗುರುತು ಹಾಕಿದರು.

"ಆದರೆ ಬೇರೆ ಕಡೆ ಹೊರಟಿದ್ದೀರಲ್ಲ?" ಎಂದು ಕೊನೆಗೆ ಪೆನ್ನು ನಿಲ್ಲಿಸಿದರು.

"ಐದನೇ ಪುಟ ಮೇಡಂ! ಜಾಗ ಬದಲಾದ್ರೆ ತಿಳಿಸಿದ್ರೆ ಸಾಕು, ಕಾರ್ಡು ಜೊತೇಲೇ ಬರುತ್ತೆ."

ಮೇಡಂ ಜೋರಾಗಿ ನಕ್ಕು ಸಹಿ ಹಾಕಿದರು. ಲಾರಿಯ ಮೇಲೆ ಎದ್ದ ಕೇಕೆಗೆ ಚಾಲಕನೂ ದನಿಗೂಡಿಸಿದ.

ಮೂರು ವಾರದಲ್ಲಿ ಇಪ್ಪತ್ತೊಂದು ಕಾರ್ಡು ಬಂದವು. ಉಳಿದೆರಡು ಹೆಸರು ತಪ್ಪಾಗಿ ನಿಂತಿದ್ದವು. ಕಂಬಿ ಅಕ್ಕ ಬೆನ್ನು ಬಿಡದೆ ತಿದ್ದಿಸಿದಳು. ನಾದಿನಿಗೆ ಹೊಸ ಜಾಗದ ಆಸ್ಪತ್ರೆಯಲ್ಲಿ ರಕ್ತಕ್ಕೆ ಗುಳಿಗೆ ಸಿಕ್ಕಿತು, ತಿಂಗಳು ತುಂಬಿ ಅಲ್ಲೇ ಹೆಣ್ಣುಮಗು ಹುಟ್ಟಿತು. ಮೂರು ಕಿಲೋಗೆ ಒಂದು ಹಿಡಿ ಕಮ್ಮಿ, ಗಂಟಲು ಮಾತ್ರ ಮಿಕ್ಸರಿನದು.

ಕಂಬಿ ಅಕ್ಕ ಈಗಲೂ ಕಂಬಿ ಕಟ್ಟುತ್ತಾಳೆ. ಆದರೆ ವಾರದ ರಜೆ ಅವಳ ಕೈಯಲ್ಲಿಲ್ಲ. ಮೊನ್ನೆ ಗುಮಾಸ್ತನೇ ಫೋನು ಮಾಡಿದ್ದ: "ಸೇತುವೆ ಕೆಲಸಕ್ಕೆ ಅರವತ್ತು ಕುಟುಂಬ ಬಂದಿದೆಯಂತೆ. ನೀವು ಯಾವಾಗ ಬರ್ತೀರಿ?"

"ಭಾನುವಾರ ಎಂಟಕ್ಕೆ ಅಲ್ಲಿರ್ತೀನಿ. ಅರ್ಜಿ ಎಪ್ಪತ್ತು ತನ್ನಿ ಸಾರ್, ಅರವತ್ತು ಅಂದ ಕಡೆ ಅರವತ್ತೇ ಇರಲ್ಲ!"