ನಡೆದವರ ತೂಕ, ಕೂತವರ ತೂಕ

ಆ ಮಂಗಳವಾರ ಬೆಳಿಗ್ಗೆ ಎದ್ದು ಹಂಡೆಯ ಒಲೆಗೆ ಬೆಂಕಿ ಹಾಕಿದೆ. ಹಾಲು ಕಾಯಿಸಿದೆ. ಕಡುಬಿಗೆ ತರಿ ತಿರುವಿದೆ. ಅತ್ತೆಯವರ ಮಂಡಿಗೆ ಎಣ್ಣೆ ಹಚ್ಚಿದೆ. ಬಿಸಿಲಿಗೆ ಹಾಕಿದ್ದ ಉದ್ದಿನಬೇಳೆಯಲ್ಲಿ ಕಲ್ಲು ಆರಿಸಿದೆ. ಎರಡು ರವಿಕೆಗೆ ಹುಕ್ಸ್ ಹೊಲಿದೆ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಕಣದ ಪಕ್ಕದ ಗೋಡೌನಿಗೆ ಹೋಗಿ, ಕಾಫಿ ತೂಗುವ ಯಂತ್ರದ ಹಲಗೆಯ ಮೇಲೆ ನಿಂತೆ. ಕೊನೆಯ ಕೆಲಸದ ವಿಷಯ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಬಾಳೂರಿನ ಆಚೆ ನಮ್ಮ ತೋಟ. ನನ್ನ ಓರಗಿತ್ತಿಗೆ ಮೂವತ್ತಾರಕ್ಕೇ ಸಕ್ಕರೆ ಕಾಯಿಲೆ ಬಂದಿತ್ತು. ಮೂಡಿಗೆರೆಯ ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನಾ ಒಂದು ಗಂಟೆ ನಡೆದು ಮೈ ಇಳಿಸಲೇಬೇಕು ಎಂದಿದ್ದರು. ಅವಳೊಬ್ಬಳೇ ನಡೆದರೆ ನಾಲ್ಕು ದಿನಕ್ಕೆ ಬಿಡುತ್ತಾಳೆಂದು ಮಹಿಳಾ ಸಮಾಜದವರನ್ನು ಸೇರಿಸಿದೆ. ನಾವಿಬ್ಬರೂ ಸೇರಿ ಒಂಬತ್ತು ಜನ. ಸಂಜೆ ತೋಟದ ರಸ್ತೆಯಲ್ಲಿ ನಡಿಗೆ, ಕಾಫಿಗೆ ಸಕ್ಕರೆ ಇಲ್ಲ, ಕರಿದದ್ದು ಹಬ್ಬಕ್ಕೆ ಮಾತ್ರ. ಮೂರು ತಿಂಗಳಿಗೊಮ್ಮೆ ಎಲ್ಲರ ತೂಕ ಬರೆದು ತರಬೇಕು, ಫಲ ಕಂಡರೆ ಆಲ್ದೂರಿನ ಕಡೆಯವರಿಗೂ ಹೇಳೋಣ ಎಂದು ಡಾಕ್ಟರು ಹುರುಪು ತುಂಬಿದರು.

ಅತ್ತೆಯವರಿಗೆ ಮಾತ್ರ ಇದು ಹಿಡಿಸಲಿಲ್ಲ. "ಕೆಲಸ ಬಿಟ್ಟು ಮನೆಗೆ ಹೋಗೋ ಆಳುಗಳ ಎದುರಿಗೆ ನೀವು ರಸ್ತೆ ಅಳೆಯೋದು! ಅವ್ರು ಎಂತ ಅಂದ್ಕೋತಾರೆ? ಇವ್ರ ಮನೇಲಿ ಮಾಡೋಕೆ ಕೆಲ್ಸ ಇಲ್ಲ ಅಂತಲೇ."

"ಡಾಕ್ಟ್ರೇ ಹೇಳಿದ್ದು ಅತ್ತೆ," ಎಂದೆ.

"ಸಂಕ್ರಾಂತಿವರೆಗೆ ನೋಡ್ತೀನಿ. ಇವಳಿಗೆ ಎರಡು ಕೆಜಿ ಇಳೀದಿದ್ರೆ ಆಮೇಲೆ ಹೊರಗೆ ಹೆಜ್ಜೆ ಇಡೋದು ಬೇಡ," ಎಂದು ಓರಗಿತ್ತಿಯ ಕಡೆ ಬೆರಳು ತೋರಿಸಿದರು. ಆ ಮನೆಯಲ್ಲಿ ಅವರ ಮಾತನ್ನು ಗಂಡಸರೂ ಮೀರುತ್ತಿರಲಿಲ್ಲ.

ಮೊದಲ ತೂಕವನ್ನು ಕಾಫಿ ಕುಯ್ಲು ಶುರುವಾಗುವ ಮೊದಲೇ, ನಾನೇ ಯಂತ್ರದ ಅಂಕಿ ಕೆತ್ತಿದ ಕಡ್ಡಿ ನೋಡಿ ಬರೆದಿದ್ದೆ. ಎರಡನೆಯ ತೂಕದ ಹೊತ್ತಿಗೆ ಕುಯ್ಲಿನ ಭರಾಟೆ. ತೋಟದ ಲೆಕ್ಕ ಬರೆಯುವ ರೈಟರು ಭಾನುವಾರ ಸಂಜೆ ಹಣ್ಣಿನ ಚೀಲಗಳನ್ನು ತೂಗಿ ಮುಗಿಸಿ, ಅದೇ ಉಸಿರಿನಲ್ಲಿ ನಮ್ಮನ್ನೂ ತೂಗಿದರು. ಅವರು ಅಂಕಿ ಕೂಗಿದರು, ನಾನು ಬರೆದೆ. ಓರಗಿತ್ತಿಗೆ ಎರಡೂವರೆ ಕೆಜಿ ಇಳಿದಿತ್ತು! ಒಂದು ಕೆಜಿಗಿಂತ ಕಡಿಮೆ ಯಾರಿಗೂ ಇಳಿದಿರಲಿಲ್ಲ, ಒಬ್ಬರನ್ನು ಬಿಟ್ಟರೆ. ಆ ಖುಷಿಗೆ ಅಲ್ಲೇ ಯಾರೋ ಕೇಸರಿಬಾತಿನ ಮಾತೆತ್ತಿದರು.

ಅತ್ತೆಯವರೂ ಮೊದಲ ಸಲದಂತೆ ತಮಾಷೆಗೆ ಹಲಗೆ ಹತ್ತಿದ್ದರು. ಅವರದೂ ಒಂದು ಕೆಜಿ ಇಳಿದಿತ್ತು. "ನೋಡಿ, ಜಗಲಿ ಮೇಲೆ ಕೂತವಳಿಗೂ ಇಳೀತು," ಎಂದು ಎರಡು ದಿನ ಬಂದವರಿಗೆಲ್ಲ ಹೇಳಿದರು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮೂರು ತಿಂಗಳಲ್ಲಿ ಅವರು ತುಪ್ಪ ಬಿಟ್ಟವರಲ್ಲ, ಗೇಟು ದಾಟಿದವರಲ್ಲ. ನನ್ನದೂ ಸರಿಯಾಗಿ ಒಂದು ಕೆಜಿ ಇಳಿದಿತ್ತು, ಆದರೆ ರವಿಕೆ ಮೊದಲಿನಷ್ಟೇ ಬಿಗಿ. ನಡೆದ ನನಗೂ ಕೂತ ಅವರಿಗೂ ಒಂದೇ ಲೆಕ್ಕ ಬಂದರೆ ನಡಿಗೆಯಿಂದ ಏನಾಯಿತು? ಇದನ್ನು ತಿಳಿಯದೆ ಡಾಕ್ಟರಿಗೆ ಚೀಟಿ ಕೊಡುವುದಿಲ್ಲ ಎಂದುಕೊಂಡೆ. ಮಂಗಳವಾರ ಆ ಹಲಗೆಯ ಮೇಲೆ ನಿಂತಿದ್ದು ಅದಕ್ಕೇ.

ರೈಟರು ಚೀಲಗಳ ನಡುವಿನಿಂದ ಬಂದು ಕಡ್ಡಿಯ ಗುಂಡು ಸರಿಸಿದರು. ಈ ಸಲ ನಾನೂ ಬಗ್ಗಿ ನೋಡಿದೆ. ಕಡ್ಡಿಯಲ್ಲಿ ಅರವತ್ತೆರಡು.

"ಅರವತ್ತೊಂದು," ಎಂದರು ರೈಟರು.

"ಅರವತ್ತೆರಡಲ್ವಾ ಅದು?"

"ಹೌದಮ್ಮ. ಖಾಲಿ ಚೀಲದ ತೂಕ ಒಂದು ಕೆಜಿ ಕಳ್ದೆ."

"ಯಾವ ಚೀಲ ಮಾರಾಯ್ರೇ? ನಾನೇನು ಗೋಣಿ ಹೊದ್ಕೊಂಡು ನಿಂತಿದೀನಾ?"

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ನಾಲಿಗೆ ಕಚ್ಚಿಕೊಂಡರು. "ಅಯ್ಯೋ ದೇವ್ರೇ! ಬೆಳಗಿಂದ ಸಂಜೆವರೆಗೆ ಅದೇ ಕಳ್ದು ಕಳ್ದು ಬಾಯಿಗೆ ಬಂದ್ಬಿಡ್ತದಮ್ಮ. ಭಾನುವಾರ ಅಮ್ಮಾವ್ರಿಗೂ, ನಿಮಗೆಲ್ಲರಿಗೂ ಕಳ್ದಿರ್ತೀನಿ."

ಮನೆಗೆ ಬಂದು ಎಲ್ಲರ ಅಂಕಿಗೂ ಒಂದೊಂದು ಕೆಜಿ ಸೇರಿಸಿದೆ. ಒಂಬತ್ತು ಜನರಲ್ಲಿ ನಾಲ್ವರದು ನಿಜವಾಗಿ ಇಳಿದಿತ್ತು. ನಾಲ್ವರದು ಇದ್ದಲ್ಲೇ ಇತ್ತು, ಅದರಲ್ಲಿ ನಾನೂ ಒಬ್ಬಳು. ಒಬ್ಬರದು ಏರಿತ್ತು. ಓರಗಿತ್ತಿಯದು ಒಂದೂವರೆ, ಅತ್ತೆಯವರು ಕೇಳಿದ್ದಕ್ಕಿಂತ ಅರ್ಧ ಕೆಜಿ ಕಡಿಮೆ.

ಲೆಕ್ಕ ಕೇಳಿ ಓರಗಿತ್ತಿ ನನ್ನ ಕೈ ಹಿಡಿದುಕೊಂಡಳು. "ಅಕ್ಕ, ಹೇಳ್ಬೇಡಿ. ಎರಡೂವರೆ ಅಂತಲೇ ಇರ್ಲಿ. ಯಾರಿಗೆ ಗೊತ್ತಾಗ್ತದೆ? ನಡೆಯೋದು ನಿಂತ್ರೆ ಮತ್ತೆ ಮೊದಲಿನ ಹಾಗೇ ಆಗ್ತೀನಿ."

"ಈಗ ಮುಚ್ಚಿಟ್ರೆ ಮುಂದಿನ ತೂಕಕ್ಕೆ ಇದೇ ಒಂದು ಕೆಜಿ ನಿನ್ನ ತಲೆ ಮೇಲೆ ಬಂದು ಕೂರ್ತದೆ. ಆಗ ನಡೆದೂ ದಪ್ಪ ಆದ್ಲು ಅಂತಾರೆ. ಡಾಕ್ಟ್ರೂ ಸುಳ್ಳು ತೂಕ ನೋಡಿ ಮಾತ್ರೆ ಕಡಿಮೆ ಮಾಡಿದ್ರೆ?"

ಅವಳು ಕೈ ಬಿಟ್ಟಳು. ನಾನು ಜಗಲಿಗೆ ಹೋಗಿ ನಡೆದದ್ದನ್ನು ನಡೆದ ಹಾಗೆಯೇ ಅತ್ತೆಯವರಿಗೆ ಹೇಳಿದೆ.

ಅವರಿಗೆ ಮೊದಲು ನೆನಪಾದದ್ದು ತಮ್ಮ ತೂಕ. "ಹಾಗಾದ್ರೆ ನಂಗೆ ಇಳ್ದೇ ಇಲ್ವಾ?"

"ಇಲ್ಲ ಅತ್ತೆ. ಅರವತ್ತೆಂಟಿತ್ತು, ಅರವತ್ತೆಂಟೇ ಇದೆ."

"ಊರಿಗೆಲ್ಲ ಹೇಳ್ಕೊಂಡು ಬಂದೆನಲ್ಲೇ!" ಎಂದು ಎಲೆಗೆ ಸುಣ್ಣ ಹಚ್ಚಿದರು. ಬಾಗಿಲ ಹಿಂದೆ ಓರಗಿತ್ತಿ ನಿಂತಿದ್ದಳು.

"ಇವಳಿಗೆ ಎಷ್ಟಂದೆ?"

"ಒಂದೂವರೆ. ನೀವು ಎರಡು ಕೇಳಿದ್ರಿ, ಗೊತ್ತು. ಆದ್ರೆ ಅತ್ತೆ, ಭಾನುವಾರದ ಲೆಕ್ಕದಲ್ಲಿ ಕೂತ ನಿಮಗೂ ಇಳಿದಿತ್ತು, ನಡೆದ ಇವಳಿಗೂ ಇಳಿದಿತ್ತು. ಈಗ ಕೂತವರದು ಅಲ್ಲೇ ಇದೆ, ಇವಳದು ಕೆಳಗೆ ಬಂದಿದೆ. ಇದು ನಡೆದದ್ದರ ಫಲವೇ."

"ನೀನೂ ನಡೆದೆಯಲ್ಲ, ನಿಂಗ್ಯಾಕೆ ಇಳೀಲಿಲ್ಲ?"

"ನಡೆದು ಬಂದು ಕೋಡುಬಳೆ ಡಬ್ಬಿಗೆ ಕೈ ಹಾಕ್ತಿದ್ದೆ," ಎಂದೆ. ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ.

ಅತ್ತೆಯವರು ನಕ್ಕುಬಿಟ್ಟರು. "ಕದ್ದು ತಿಂದಿದ್ದನ್ನೂ ಹೇಳ್ತೀಯಲ್ಲ ಮಾರಾಯ್ತಿ. ಇನ್ನು ಮೂರು ತಿಂಗಳು ನಡೀಲಿ ಅವಳು. ಆಮೇಲೆ ನೋಡೋಣ. ತೂಗೋವಾಗ ಆ ರೈಟರನ್ನ ಮಾತ್ರ ದೂರ ಇಡಿ."

ಗುರುವಾರದ ಬಸ್ಸಿಗೆ ಮೂಡಿಗೆರೆಗೆ ಹೋಗಿ ಇಳಿಯದ ನಾಲ್ವರನ್ನೂ ಏರಿದ ಒಬ್ಬರನ್ನೂ ಬಿಡದೆ ಬರೆದ ಚೀಟಿ ಕೊಟ್ಟೆ. ಡಾಕ್ಟರು ಅತ್ತೆಯವರ ಅಂಕಿಯ ಮೇಲೆ ಪೆನ್ನು ಇಟ್ಟು, ಮುಂದಿನ ಸಲ ಹೋಲಿಸಿ ನೋಡಲು ಇಂಥ ನಡೆಯದ ಕೆಲವರನ್ನೂ ತೂಗಿ ಬರೆಯಿರಿ ಎಂದರು. ಚೀಟಿಯ ವಿಷಯಕ್ಕೆ ಸಮಾಜದಲ್ಲಿ ಇಬ್ಬರು ತಿಂಗಳ ಕಾಲ ನನ್ನ ಹತ್ತಿರ ಮಾತು ಬಿಟ್ಟರು. ಬಿಡಲಿ ಎಂದು ಉಳಿದವರೊಂದಿಗೆ ನಡೆದೆ.

ಆದರೆ ಅದು ಆಮೇಲಿನ ಮಾತು. ಆ ಮಂಗಳವಾರ ನಾನೂ ಓರಗಿತ್ತಿಯೂ ತಡವಾಗಿ ಹೊರಟು, ಸೇತುವೆಯವರೆಗೆ ಹೋಗಿ ಬಂದೆವು. ರಾತ್ರಿ ರಾಗಿರೊಟ್ಟಿ, ಹುರುಳಿಕಾಳಿನ ಸಾರು, ಮಜ್ಜಿಗೆ. ಅತ್ತೆಯವರು ಮಾತ್ರ ಅನ್ನಕ್ಕೆ ತುಪ್ಪ ಹಾಕಿಸಿಕೊಂಡರು. ಓರಗಿತ್ತಿ ಎರಡು ರೊಟ್ಟಿ ತಿಂದು ಎದ್ದಳು. ನಾನು ಒಲೆ ಸಾರಿಸಿ ಬರುವಷ್ಟರಲ್ಲಿ, ಎಲ್ಲರಿಗಿಂತ ಮೊದಲು ಅವಳಿಗೆ ನಿದ್ದೆ ಬಂದಿತ್ತು.