ಕನೀಶಾಯ್ ಐದು ಸಲ ನೋಡಿದ ಸಿನಿಮಾ

ನನ್ನ ವಾರಗಿತ್ತಿ ಕನೀಶಾಯಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಇದನ್ನು ಮುಚ್ಚಿಟ್ಟು ಅವಳ ಕಥೆ ಹೇಳಿದರೆ ಸುಳ್ಳಾಗುತ್ತದೆ. ಊರಿನ ಶಾಲೆಯಲ್ಲಿ ನೆಲ ಒರೆಸಿ, ಒಲೆಗೆ ಕಲ್ಲಿದ್ದಲು ಹಾಕುವ ಹೆಂಗಸು. ತಲೆ ತಗ್ಗಿಸಿಯೇ ಓಡಾಡುತ್ತಾಳೆ, ಬಾಯಿ ಬಿಚ್ಚುವುದಿಲ್ಲ, ಆದರೂ ಎದುರಿಗಿದ್ದವರೇ ಏನೋ ತಪ್ಪು ಮಾಡಿದಂತೆ ನೋಡುತ್ತಾಳೆ.

ಅವಳ ಗಂಡ ಹೋದ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು. ನನಗೆ ಭಾವ, ಹಾಗಾಗಿ ಅವರ ಹೆಸರನ್ನು ನಾನು ಬಾಯಲ್ಲಿ ತರುವಂತಿಲ್ಲ. ಅಂದಿನಿಂದ ಅವಳು ಕರಿ ಬಟ್ಟೆಯಲ್ಲಿದ್ದಳು. ನಮ್ಮ ಪದ್ಧತಿಯಂತೆ ವರ್ಷ ತುಂಬಿದ ದಿನ ಕುದುರೆ ಕಡಿದು ಊರಿಗೆಲ್ಲ ಊಟ ಹಾಕಿ, ಅತ್ತೆ ತನ್ನ ಕೈಯಾರೆ ತಲೆಗೆ ಕಟ್ಟಿದ ಆ ಕರಿ ರುಮಾಲು ಬಿಚ್ಚಿ ಬಿಳಿಯದನ್ನು ಕಟ್ಟಬೇಕು. ನಮ್ಮ ಅತ್ತೆ ಕಟ್ಟುವುದಿಲ್ಲವೆಂದರೆ ಕಟ್ಟು ಎನ್ನುವ ಗಂಡಸು ಊರಲ್ಲಿ ಇಲ್ಲ. ಏಪ್ರಿಲ್‌ನಲ್ಲಿ ಕನೀಶಾಯಳ ಮಗಳ ಮದುವೆ ಗೊತ್ತಾಗಿತ್ತು. ಕರಿ ಉಟ್ಟ ತಾಯಿಯನ್ನು ಬೀಗರು ಹೊಸಿಲು ದಾಟಲು ಬಿಡುತ್ತಿರಲಿಲ್ಲ.

ಅಂಥವಳು ಜನವರಿಯಲ್ಲಿ ಹಲ್ಲುನೋವೆಂದು ವಾರಕ್ಕೆರಡು ಸಲ ಪಟ್ಟಣಕ್ಕೆ ಹೊರಡತೊಡಗಿದಳು. ಬಾಯಲ್ಲಿ ಮಾತ್ರ ಅಷ್ಟೂ ಹಲ್ಲು ಇದ್ದಲ್ಲೇ ಇದ್ದವು. ಐದನೆಯ ಸಲ ನಾನೂ ಅದೇ ವ್ಯಾನು ಹತ್ತಿ, ಹಿಂದಿನ ಸೀಟಿನಲ್ಲಿ ಮುಖ ಮುಚ್ಚಿಕೊಂಡು ಕೂತೆ. ಅವಳು ನೆಟ್ಟಗೆ ಹೋಗಿದ್ದು ಸಿನಿಮಾ ಮಂದಿರಕ್ಕೆ. ಕರಿ ಬಟ್ಟೆಯಲ್ಲಿ, ಮಧ್ಯಾಹ್ನದ ಆಟಕ್ಕೆ. ನಾನು ಹೋಗಿ ಅವಳ ಪಕ್ಕದಲ್ಲೇ ಕೂತೆ.

"ಹಲ್ಲಿನ ಡಾಕ್ಟ್ರು ಇಲ್ಲೇ ಕೂರ್ತಾರಾ ಅಕ್ಕ?"

ಅವಳು ಬೆಚ್ಚಲೂ ಇಲ್ಲ. "ಬಂದಿದ್ದೀಯಲ್ಲ, ಬಾಯ್ಮುಚ್ಕೊಂಡು ನೋಡು."

ಇಡೀ ಚಿತ್ರ ಒಂದು ಉಣ್ಣೆಯ ಗುಡಾರದೊಳಗೇ ನಡೆಯುತ್ತದೆ, ನಮ್ಮಲ್ಲಿ ಸತ್ತವರನ್ನು ಮಲಗಿಸುತ್ತೇವಲ್ಲ, ಅಂಥದ್ದೇ. ಗುಡಾರದೊಳಗೆ ಒಂದು ಪರದೆ, ಅದರ ಹಿಂದೆ ಹೆಣ. ಬಾಗಿಲಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ವಿಧವೆ ಮತ್ತು ಅವಳ ಅತ್ತೆ ಹಾಡಿ ಅಳುತ್ತಿದ್ದಾರೆ. ಹೊರಗೆ ಗಂಡಸರ ರೋದನ. ಹಿಮ ಬಿದ್ದು ಗೋರಿ ತೋಡಲು ಆಗುತ್ತಿಲ್ಲ. ಎರಡನೆಯ ದಿನ ಗಂಡಸರ ದನಿ ನಿಂತುಹೋಗುತ್ತದೆ. ಬಾಗಿಲಿನ ಕಂಬಳಿಯನ್ನು ಯಾರೋ ಹೊರಗಿನಿಂದ ಹೊಲಿದುಬಿಟ್ಟಿದ್ದಾರೆ. ಆಮೇಲೆ ಪರದೆಯ ಹಿಂದಿನಿಂದ ಒಂದು ಉಸಿರು. ಸಂಗೀತವಿಲ್ಲ, ರಕ್ತವಿಲ್ಲ, ಬರೀ ಆ ಉಸಿರು. ಹೆಣ ಎತ್ತುವವರೆಗೆ ಹೆಂಗಸರು ಗೋಡೆ ಬಿಟ್ಟು ತಿರುಗುವಂತಿಲ್ಲ, ಅದು ನಮ್ಮ ಕಟ್ಟಳೆ. ಕ್ಯಾಮೆರಾ ಅವರ ಮುಖ ಬಿಟ್ಟು ಕದಲುವುದೇ ಇಲ್ಲ. ಎದ್ದು ಹೋಗೋಣವೆಂದುಕೊಂಡವಳು ಕೊನೆಯವರೆಗೂ ಕೂತೇ ಇದ್ದೆ. ಸುಳ್ಳೇಕೆ ಹೇಳಲಿ, ಚಿತ್ರ ಚೆನ್ನಾಗಿತ್ತು. ಅದಕ್ಕೇ ಸಿಟ್ಟು ಇನ್ನೂ ಏರಿತು.

ಕೊನೆಗೆ ವಿಧವೆ ಗೋಡೆ ಬಿಟ್ಟು ಪೂರ್ತಿ ತಿರುಗಿ ಕೂರುತ್ತಾಳೆ. ಹಿಂದಿನ ಸಾಲಿನ ಮುದುಕರು ಛೀ ಎಂದರು.

ಹೊರಗೆ ಬಂದ ಮೇಲೆ ನಾನು ಶುರು ಮಾಡಿದೆ. "ಸಿನಿಮಾ ಮಾಡೋ ಪೇಟೆ ಹುಡುಗ್ರಿಗೆ ಏನ್ಗೊತ್ತು? ನಮ್ ಹೆಂಗಸ್ರು ಯಾರಾದ್ರೂ ಹಾಗ್ ತಿರುಗ್ತಾರಾ? ಅಲ್ಲೇ ಎಡವಿದಾರೆ."

"ನಾನು ಬರೋದೇ ಅದನ್ನ ನೋಡೋಕೆ," ಎಂದಳು ಕನೀಶಾಯ್. ಆಮೇಲೆ ಅವಳು ಆಡಿದಷ್ಟು ಉದ್ದ ಮಾತನ್ನು ಅವಳ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. "ಆ ಉಸಿರಿದ್ಯಲ್ಲ, ಅದನ್ನ ಸರಿಯಾಗ್ ಹಿಡಿದಿದಾರೆ. ನಮ್ಮನೆಯವ್ರು ಹೋದಾಗ ಮೂರು ದಿನ ಗೋಡೆ ನೋಡ್ಕೊಂಡು ನಾನೂ ಅದನ್ನೇ ಕೇಳಿಸ್ಕೊಂಡೆ. ಎಲ್ಲಾರೂ ನಾನು ಅಳ್ತಿದೀನಿ ಅಂದ್ಕೊಂಡ್ರು. ಉಸಿರಾಡ್ಬೇಡ, ಉಸಿರಾಡ್ಬೇಡ ಅಂತ ಬೇಡ್ಕೊಳ್ತಿದ್ದೆ. ತಿರುಗಿ ನೋಡೋ ಧೈರ್ಯ ಇರ್ಲಿಲ್ಲ. ಸಿನಿಮಾದವಳು ನೋಡ್ತಾಳೆ."

ಅವತ್ತೇ ಸಂಜೆ ಹೋಗಿ ಅತ್ತೆಯ ಕಿವಿಗೆ ಒಂದಕ್ಷರ ಬಿಡದೆ ಊದಿದೆ. ಅತ್ತೆ ಉಣ್ಣೆ ನೂಲುವುದನ್ನು ನಿಲ್ಲಿಸಲಿಲ್ಲ.

ವರ್ಷದ ದಿನ ಬಂತು. ಮನೆ ತುಂಬ ಹೆಂಗಸರು. ಕನೀಶಾಯ್ ನಡುವೆ ಮಂಡಿಯೂರಿ ಕೂತಿದ್ದಳು, ಬಿಳಿ ರುಮಾಲು ಅತ್ತೆಯ ತೊಡೆಯ ಮೇಲಿತ್ತು.

"ಸಿನಿಮಾ ನೋಡಿದ್ಯಂತೆ," ಎಂದರು ಅತ್ತೆ.

"ಹೌದು ಅತ್ತೆ. ಐದು ಸಲ."

"ನನ್ಮಗ ಮತ್ತೆ ಉಸಿರಾಡ್ದೆ ಇರ್ಲಿ ಅಂತ ಬೇಡ್ಕೊಂಡ್ಯಂತೆ."

ಇಲ್ಲ ಎಂದಿದ್ದರೆ ಸಾಕಿತ್ತು. ನನ್ನ ಮಾತಿಗೆ ಸಾಕ್ಷಿ ಯಾರಿದ್ದರು? ಕನೀಶಾಯ್ ಹೌದು ಎಂದಳು. ಯಾರೋ ತುಟಿಗೆ ಒಯ್ದಿದ್ದ ಬಟ್ಟಲನ್ನು ಕೆಳಗಿಟ್ಟರು. ಅವಳ ಮಗಳು ಒಲೆಯ ಬಳಿ ನಿಂತು ಅಳತೊಡಗಿದಳು.

"ಗುಡಾರದಲ್ಲಿ ನಿನ್ ಪಕ್ಕದಲ್ಲೇ ಕೂತು ನಾನು, ಅವ್ನು ಉಸಿರಾಡ್ಲಿ ಅಂತ ಬೇಡ್ಕೊಳ್ತಿದ್ದೆ," ಎಂದರು ಅತ್ತೆ. "ನಾನು ಹೆತ್ತವ್ಳು. ಆದ್ರೆ ನಾನೂ ತಿರುಗ್ಲಿಲ್ಲ. ಎದ್ರೆ ಅವ್ನ ಕೈ ಮೊದ್ಲು ಯಾರ್ ಮೇಲೆ ಹೋಗತ್ತೆ ಅಂತ ನಂಗೆ ಗೊತ್ತಿತ್ತು."

ಅವರು ಕರಿ ರುಮಾಲನ್ನು ಕಿತ್ತು ಪಕ್ಕಕ್ಕೆಸೆದು ಬಿಳಿಯದನ್ನು ಕಟ್ಟಿದರು. ಪ್ರೀತಿಯಿಂದಲ್ಲ. ಗಂಟು ಬಿಗಿದ ರಭಸಕ್ಕೆ ಅವಳ ತಲೆ ಹಿಂದಕ್ಕೆ ಜಗ್ಗಿತು.

"ಮಗಳ ಮದ್ವೆ ಮಾಡು. ಆಮೇಲೆ ನನ್ ಕಣ್ಣಿಗ್ ಬೀಳ್ಬೇಡ."

ಅನಂತರ ಅತ್ತೆ ನನ್ನ ಕಡೆ ನೋಡಿದರು. "ಗುಡಾರದಲ್ಲಿ ಆ ಮೂರು ದಿನ ನೀನು ಇವಳ ಇನ್ನೊಂದು ಪಕ್ಕ ಕೂತಿದ್ಯಲ್ಲ. ನೀನೇನ್ ಬೇಡ್ಕೊಂಡೆ?"

ಹೆಂಗಸರೆಲ್ಲ ನನ್ನತ್ತ ತಿರುಗಿದರು. ಹನ್ನೊಂದು ವರ್ಷ ಕನೀಶಾಯಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಹೊಡೆತದ ಸದ್ದು ಶುರುವಾದಾಗಲೆಲ್ಲ ನಾನು ರೇಡಿಯೊ ಜೋರು ಮಾಡುತ್ತಿದ್ದೆ. ಚಹಾ ಉಕ್ಕುತ್ತಿದೆ ಎಂದು ಹೇಳಿ ಎದ್ದು ಹೊರಗೆ ಹೋದೆ.